ಯಾವ ಕೆಲಸ ಬಿಟ್ಟಿದ್ದೀರಿ ಎಂದು ಕೇಳುವವರು

ಹೃದ್ರೋಗ ವಿಭಾಗವೆಂದರೆ ವೈದ್ಯರ ಹೆಸರನ್ನೇ ಹೇಳುವುದು ರೂಢಿ. ನಮ್ಮ ಆಸ್ಪತ್ರೆಯಲ್ಲಿ ಮಾತ್ರ ಮೊದಲು ಬರುವ ಹೆಸರು, ಮೂವತ್ತೆಂಟು ವರ್ಷ ಇಸಿಜಿ ಕೋಣೆಯನ್ನು ನಡೆಸಿ ಇದೀಗ ನಿವೃತ್ತರಾಗುತ್ತಿರುವ, ನಾವೆಲ್ಲ ‘ಇಸಿಜಿ ಅಕ್ಕ’ ಎಂದೇ ಕರೆಯುವ ಹಿರಿಯ ತಂತ್ರಜ್ಞೆಯವರದು. ಅವರನ್ನು ಹೊಗಳಲು ಬಹಳ ಜನರಿದ್ದಾರೆ. ನನ್ನ ಪಾಲಿಗೆ ಬಂದಿರುವುದು ತಪ್ಪೊಪ್ಪಿಕೊಳ್ಳುವ ಕೆಲಸ.

ನಾನು ಇಲ್ಲಿಗೆ ಬಂದಾಗ ಹೊಸ ವೈದ್ಯ. ತಲೆತುಂಬ ಪುಸ್ತಕ, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೊದಲ ವಾರವೇ ಇಸಿಜಿಯ ತಂತಿಗಳನ್ನು ಅದಲುಬದಲು ಸಿಕ್ಕಿಸಿ ಗಾಬರಿಗೊಂಡಾಗ, ಯಾರಿಗೂ ತಿಳಿಯದಂತೆ ಸರಿಪಡಿಸಿ, "ಯಂತ್ರಕ್ಕೇ ಬುದ್ಧಿ ಇಲ್ಲ ಬಿಡಿ ಡಾಕ್ಟ್ರೇ" ಎಂದು ನನ್ನ ಮಾನ ಕಾಯ್ದವರು ಅವರು.

ಮರುವರ್ಷ ಅವರು ತಮ್ಮ ಯಜಮಾನರನ್ನು ಕರೆತಂದರು. ಪುಸ್ತಕಗಳ ಬೈಂಡಿಂಗ್ ಮಾಡುತ್ತಿದ್ದವರು, ತಮಾಷೆಯ ಮನುಷ್ಯ. "ಮಹಡಿ ಹತ್ತುವಾಗ ದವಡೆ ಹಿಡ್ಕೊಳ್ಳುತ್ತೆ ಡಾಕ್ಟ್ರೇ, ನಿಂತ್ರೆ ಬಿಟ್ಟುಹೋಗುತ್ತೆ. ಇವಳೆದುರು ಬಾಯಿ ತೆರೆಯೋ ಅಭ್ಯಾಸ ತಪ್ಪಿದೆಯಲ್ಲ, ಅದಕ್ಕೇ ಇರ್ಬೇಕು" ಎಂದರು. ನಾನೂ ನಕ್ಕೆ. ಅಕ್ಕನೇ ತೆಗೆದ ಇಸಿಜಿ ಸರಿಯಾಗಿತ್ತು. ಮಲಗಿದ್ದಾಗ ಸರಿಯಾಗಿ ಕಾಣುವ ಹೃದಯಕ್ಕೆ ಮೆಟ್ಟಿಲು ಹತ್ತುವಾಗ ರಕ್ತ ಸಾಲದೆ ಹೋಗಬಹುದು, ಆ ನೋವು ಎದೆಯನ್ನು ಬಿಟ್ಟು ದವಡೆಯಲ್ಲಿ ತೋರಬಹುದು ಎಂದು ಓದಿದ್ದೆ. ಓದಿದ್ದು ಆ ಹೊತ್ತಿಗೆ ಒದಗಲಿಲ್ಲ. "ಹಲ್ಲಿನ ಡಾಕ್ಟ್ರಿಗೆ ತೋರಿಸಿ" ಎಂದು ಕಳಿಸಿದೆ. ನಾಲ್ಕನೆಯ ದಿನ ಮಧ್ಯಾಹ್ನ, ಅಂಗಡಿಯ ಮೆಟ್ಟಿಲ ಮೇಲೆ ಕಾಗದದ ಕಟ್ಟನ್ನು ಪಕ್ಕಕ್ಕಿಟ್ಟು ಕುಳಿತವರು ಮತ್ತೆ ಏಳಲಿಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು.

ಮೂರು ವಾರದ ಬಳಿಕ ಅಕ್ಕ ಕೆಲಸಕ್ಕೆ ಮರಳಿದರು. ನಾನು ಮುಖ ತಪ್ಪಿಸಿಕೊಂಡು ಓಡಾಡಿದೆ. ಯಾರ ಮುಂದೆಯೂ ಅವರು ನನ್ನ ಹೆಸರೆತ್ತಲಿಲ್ಲ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡರು. ಆದರೆ ಅಂದಿನಿಂದ ತಂತಿ ಸಿಕ್ಕಿಸುವ ಮುನ್ನ ಪ್ರತಿಯೊಬ್ಬರನ್ನೂ ಕೇಳತೊಡಗಿದರು: "ನೋವಿದೆಯಾ ಅಂತ ಕೇಳ್ತಿಲ್ಲ. ಈ ನಡುವೆ ಯಾವ ಕೆಲಸ ಬಿಟ್ಟಿದ್ದೀರಿ?" ಬಸ್ಸಿಗೆ ಓಡುವುದನ್ನು ಬಿಟ್ಟವರು, ನೀರಿನ ಬಕೆಟ್ ಎತ್ತುವುದನ್ನು ಬಿಟ್ಟವರು, ಮಹಡಿಯಲ್ಲಿ ಬಟ್ಟೆ ಒಣಹಾಕುವುದನ್ನು ಸದ್ದಿಲ್ಲದೆ ಸೊಸೆಗೆ ದಾಟಿಸಿದ ಅತ್ತೆಯರು, ಇಂಥವರ ಚೀಟಿಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು ಕಳಿಸುತ್ತಿದ್ದರು. ಇಸಿಜಿ ಸರಿಯಿದ್ದರೂ ಆ ಗೆರೆ ಇದ್ದವರನ್ನು ಪೂರ್ತಿ ಪರೀಕ್ಷಿಸದೆ ನಾವು ಮನೆಗೆ ಬಿಡುತ್ತಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಕೆಟ್ಟದ್ದು ಅವರ ಮನೆ, ಬುದ್ಧಿ ಬಂದದ್ದು ನನಗೆ.

ಈ ಲೇಖನಕ್ಕೆ ಒಪ್ಪಿಗೆ ಕೇಳಲು ಹೋದ ದಿನ, ಇಷ್ಟು ವರ್ಷ ಹೇಳದೆ ಉಳಿಸಿಕೊಂಡಿದ್ದ ಕ್ಷಮೆಯ ಮಾತನ್ನು ಹೇಗೋ ಆಡಿದೆ. ಅಕ್ಕ ಕೈಯಲ್ಲಿದ್ದ ತಂತಿಗಳನ್ನು ಸುತ್ತಿಟ್ಟು ನನ್ನತ್ತ ತಿರುಗಿದರು.

"ಕೋಪ ಇರ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ ಡಾಕ್ಟ್ರೇ. ಆದ್ರೆ ನೀವು ಅವರನ್ನ ನೋಡಿದ್ದು ಒಂದೇ ಸಲ. ಎರಡು ತಿಂಗಳಿಂದ ಅವರು ಮನೆ ಮೆಟ್ಟಿಲಲ್ಲಿ ಕನ್ನಡಕ ಹುಡುಕೋ ನೆಪ ಮಾಡ್ಕೊಂಡು ನಿಲ್ತಿದ್ರು. ಬೇಗ ಹತ್ರೀ ಅಂತ ಹಿಂದಿನಿಂದ ಗದರ್ತಿದ್ದೋಳು ನಾನು."

ಅಕ್ಕ ನೂರ್ಕಾಲ ಬಾಳಲಿ, ನಿವೃತ್ತಿಯ ಬಳಿಕವೂ ಆಗಾಗ ಬಂದು ಇಸಿಜಿ ಕೋಣೆಯ ಹೊಸಬರಿಗೆ ತಮ್ಮ ಪ್ರಶ್ನೆಯನ್ನು ಕಲಿಸುತ್ತಿರಲಿ ಎಂದು ಹಾರೈಸುತ್ತೇನೆ. ಕೋಪವನ್ನು ನನ್ನ ಮೇಲೇ ಇಟ್ಟುಕೊಳ್ಳಲಿ, ತಮ್ಮ ಮೇಲೆ ಬೇಡ.