ಅಮ್ಮನ ಪೆಟ್ಟಿಗೆಯ ವಾಸ

ಸಣ್ಣ ಬ್ರ್ಯಾಂಡುಗಳ ಹುಚ್ಚು ನನಗೆ ಹತ್ತಿಸಿದವಳು ನನ್ನ ಗೆಳತಿಯೇ. ಎಲ್ಲೋ ಒಂದು ಮನೆಯ ಅಡುಗೆಕೋಣೆಯಲ್ಲಿ ಯಾರೋ ಒಬ್ಬ ಹೆಂಗಸು ಕಾಯಿಸಿ ಸೋಸಿ ಮಾಡಿದ ಸಾಬೂನು, ಕಾಡಿಗೆ, ಕೈಯಲ್ಲೇ ಅಚ್ಚೊತ್ತಿದ ದುಪಟ್ಟಾ, ಬೆರಳುದ್ದದ ಸೀಸೆಯ ಅತ್ತರು, ಇಂಥವನ್ನೆಲ್ಲ ಫೋನಿನಲ್ಲಿ ಹುಡುಕಿ ತರಿಸುವುದು ನಮ್ಮಿಬ್ಬರ ಚಟವಾಗಿತ್ತು. ಅವಳು ಅಂಕೋಲೆಯವಳು, ನಾನು ಕಾರವಾರದ ಹಬ್ಬುವಾಡದವಳು. ಕಾಲೇಜಿನ ಬೆಂಚಿನಲ್ಲಿ ಶುರುವಾದ ಗೆಳೆತನ. ಇಬ್ಬರಿಗೂ ಕಾರವಾರದಲ್ಲೇ ನೌಕರಿ ಸಿಕ್ಕಿದ್ದರಿಂದ ಅದು ಮುಂದುವರಿಯಿತು. ಪಾರ್ಸೆಲ್ ಬಂದ ದಿನ ಅವಳು ಊರಿನ ಬಸ್ಸು ಬಿಟ್ಟು ನಮ್ಮ ಮನೆಗೇ ಬರುತ್ತಿದ್ದಳು. ಅಮ್ಮನ ಈಳಿಗೆಮಣೆಯ ಮೇಲೆ ಸಾಬೂನನ್ನು ಎರಡು ಹೋಳು ಮಾಡಿ ಹಂಚಿಕೊಳ್ಳುತ್ತಿದ್ದೆವು.

"ಮೀನು ಕೊಯ್ಯೂ ಮಣೆ ಗೋ ಅದು!" ಎಂದು ಅಮ್ಮ ಒಳಗಿನಿಂದ ಕೂಗುತ್ತಿದ್ದಳು. "ನಾಳೆ ಬಂಗಡೆಗೆ ಗುಲಾಬಿ ವಾಸನೆ ಬಂದ್ರೆ ನೀವಿಬ್ರೇ ತಿನ್ನಿ."

ಆ ಪಾರ್ಸೆಲ್‌ಗಳಲ್ಲಿ ನನಗೆ ತುಂಬಾ ಇಷ್ಟವಾಗುತ್ತಿದ್ದದ್ದು ಸಾಬೂನೂ ಅಲ್ಲ, ಅತ್ತರೂ ಅಲ್ಲ, ಜೊತೆಗೆ ಬರುತ್ತಿದ್ದ ಪುಟ್ಟ ಕಾರ್ಡು. 'ಇದು ನನ್ನ ಅಜ್ಜಿಯ ಕೈಗುಣ', 'ಇದು ನಮ್ಮ ಹಿತ್ತಲಿನ ಹೂವು' ಎಂದೆಲ್ಲ ಅದರಲ್ಲಿ ಬರೆದಿರುತ್ತಿತ್ತು. ಸೀಸೆಯ ಮುಚ್ಚಳ ತೆಗೆಯುವ ಮೊದಲು ನಾನು ಅದನ್ನು ಗಟ್ಟಿಯಾಗಿ ಓದಬೇಕು, ಅವಳು ಕೇಳಬೇಕು. ಒಂದಕ್ಷರ ಬಿಡದೆ ನಂಬುತ್ತಿದ್ದೆ, ದಡ್ಡಿ. "ಸಾಬೂನಿಗೂ ಕಥೆ ಬೇಕಾ ಈಗ?" ಎಂದು ಅಮ್ಮ ನಗುತ್ತಿದ್ದಳು. ನಕ್ಕರೂ ಕಾರ್ಡು ಓದುವಾಗ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ಅಮ್ಮನಿಗೆ ಗೊತ್ತಿದ್ದ ಪರಿಮಳ ಒಂದೇ, ಸುರಂಗಿ. ಬಿಸಿಲು ಏರುವ ತಿಂಗಳುಗಳಲ್ಲಿ ತೋಡೂರಿನ ಚಿಕ್ಕಮ್ಮನ ಮನೆಯಿಂದ ಸುರಂಗಿಯ ಮೊಗ್ಗು ಬರುತ್ತಿತ್ತು. ಅಮ್ಮ ಅದನ್ನು ಪೋಣಿಸಿ, ಒಂದು ದಿನ ಮುಡಿದು, ಆಮೇಲೆ ಒಣಗಿಸಿ ಸೀರೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಒಣಗಿ ಕಂದಿದರೂ ಆ ಹೂವು ಸೋಲುವುದಿಲ್ಲ. ಮುಂದಿನ ವರ್ಷದ ಹೂವು ಬರುವವರೆಗೂ ಪೆಟ್ಟಿಗೆ ತೆರೆದರೆ ಮನೆಯೆಲ್ಲ ಘಮಘಮ.

ನಮ್ಮದು ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಕೊಂಕಣಿಯಲ್ಲಿ 'ವಾಸ' ಎಂದರೆ ಪರಿಮಳ. ಒಂದನೆಯ ಇಯತ್ತೆಯ ಮೊದಲ ದಿನ, ಘಟ್ಟದ ಮೇಲಿನಿಂದ ಬಂದಿದ್ದ ಮಾಸ್ತರರು "ನಿನ್ನ ವಾಸ ಎಲ್ಲಿ?" ಎಂದು ಕೇಳಿದರು. ನಾನು ಕೈಕಟ್ಟಿ ನಿಂತು "ಅಮ್ಮನ ಪೆಟ್ಟಿಗೆಯಲ್ಲಿ ಸರ್" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದ್ದು ಇನ್ನೂ ನೆನಪಿದೆ.

ಇದು ನಮ್ಮ ಮನೆಯ ಮಾತು. ಹೊರಗಿನವರಿಗೆ ಹೇಳಿದವಳು ಅಮ್ಮ, ಅದೂ ಈ ಗೆಳತಿಯೊಬ್ಬಳಿಗೆ. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಪೆಟ್ಟಿಗೆ ತೆರೆದು ಕುಳಿತಿದ್ದಳು. ಗೆಳತಿ ಫೋನನ್ನು ಸೀರೆಗಳ ಮೇಲಿಟ್ಟು, "ಮಾತಾಡಿ ಅಮ್ಮ, ನೆನಪಿಗೆ ಇರ್ಲಿ" ಎಂದಳು. ಅಮ್ಮ ಮೊದಲು ನಾಚಿದಳು, ಸೆರಗು ಸರಿಮಾಡಿಕೊಂಡಳು. ಬರೀ ದನಿ ಹಿಡಿಯುವ ಯಂತ್ರಕ್ಕೆ ಸೆರಗು ಯಾಕೆ ಎಂದು ನಾನು ರೇಗಿಸಿದೆ. ಆಮೇಲೆ ಶುರುವಾದ ಮಾತು ಚಹಾದ ಹೊತ್ತಾದರೂ ನಿಲ್ಲಲಿಲ್ಲ. ನಾನು ಪಾತ್ರೆ ತೊಳೆಯುತ್ತಾ ಅರ್ಧ ಕೇಳಿದೆ, ಅರ್ಧ ಬಿಟ್ಟೆ. ದಿನಾ ಕೇಳುವ ದನಿಯನ್ನು ಯಾರು ಕಿವಿಗೊಟ್ಟು ಕೇಳುತ್ತಾರೆ?

ಆ ಮಳೆಗಾಲದಲ್ಲಿ ಅಮ್ಮ ಹೋದಳು. ಎದೆನೋವು ಎಂದವಳು ಆಸ್ಪತ್ರೆ ಮುಟ್ಟಲಿಲ್ಲ.

ಮನೆಯಲ್ಲಿ ಅಮ್ಮನ ಫೋಟೋಗಳು ಬೇಕಾದಷ್ಟಿದ್ದವು, ದನಿ ಮಾತ್ರ ಎಲ್ಲೂ ಇರಲಿಲ್ಲ. ಫೋನೆಂದರೆ ಅವಳಿಗೆ ಜೋರಾಗಿ ಕೂಗಿ ಪಟ್ಟನೆ ಇಟ್ಟುಬಿಡುವ ವಸ್ತು. ದಿನಗಳಾದಂತೆ ನನಗೆ ಹೆದರಿಕೆ ಶುರುವಾಯಿತು. ಮುಖ ನೆನಪಿಗೆ ಬರುತ್ತಿತ್ತು, ದನಿ ಜಾರುತ್ತಿತ್ತು. ಹನ್ನೆರಡನೆಯ ದಿನದ ಊಟಕ್ಕೆ ಬಂದ ಗೆಳತಿಯ ಕೈ ಹಿಡಿದು, ಆವತ್ತು ರೆಕಾರ್ಡ್ ಮಾಡಿದ್ದನ್ನು ಕಳಿಸು ಎಂದೆ.

"ಅಯ್ಯೋ ಮಾರಾಯ್ತಿ, ಆ ಫೋನು ದೇವಬಾಗದಲ್ಲಿ ದೋಣಿ ಇಳಿಯೂವಾಗ ನೀರಿಗೆ ಬಿತ್ತಲ್ಲ ಗೋ. ಎಲ್ಲ ಹೋಯ್ತು" ಎಂದು ಅವಳು ಅತ್ತಳು. ನಾನೇ ಅವಳ ಕಣ್ಣು ಒರೆಸಿದೆ.

ಆಮೇಲೆ ಅವಳು ನೌಕರಿ ಬಿಟ್ಟಳು. ಮನೆಯಲ್ಲೇ ಏನೋ ಶುರುಮಾಡುತ್ತೇನೆ ಎಂದಷ್ಟೇ ಹೇಳಿದ್ದಳು. ಬರುವುದು ಕಡಿಮೆಯಾಯಿತು. ದುಃಖದ ಮನೆ, ಅವಳಿಗೂ ಕಷ್ಟವಾಗುತ್ತಿರಬೇಕು ಎಂದುಕೊಂಡೆ. ವರ್ಷ ಕಳೆದಿರಬೇಕು, ಕಚೇರಿಯ ಸಹೋದ್ಯೋಗಿಯೊಬ್ಬರು ನನ್ನ ಹುಟ್ಟುಹಬ್ಬಕ್ಕೆ ಒಂದು ಡಬ್ಬಿ ಕೊಟ್ಟರು. "ನಿಮಗೆ ಸಣ್ಣ ಬ್ರ್ಯಾಂಡು ಅಂದ್ರೆ ಜೀವ ಅಲ್ದಾ? ಇದು ನಮ್ಮ ಕಡೇದೇ ಅಂತೆ, ಸುರಂಗಿ ಸೆಂಟು" ಎಂದರು. ಬ್ರ್ಯಾಂಡಿನ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಅದಕ್ಕೆ ಆಗಿರುವ ಜಾಹೀರಾತೇ ಸಾಕು.

ಅಭ್ಯಾಸದಂತೆ ಮೊದಲು ಕಾರ್ಡು ತೆಗೆದು ಓದಿದೆ. 'ಶಾಲೆಯ ಮೊದಲ ದಿನ ಮಾಸ್ತರರು ನನ್ನನ್ನು ಕೇಳಿದರು, ನಿನ್ನ ವಾಸ ಎಲ್ಲಿ? ನಾನು ಹೇಳಿದೆ, ಅಮ್ಮನ ಪೆಟ್ಟಿಗೆಯಲ್ಲಿ.' ನನ್ನನ್ನು! ನಾನು! ಕೆಳಗೆ ನನ್ನ ಗೆಳತಿಯ ಸಹಿ. ಅಂಕೋಲೆಯ ಅವಳ ಮನೆಯಲ್ಲಿ ಕೊಂಕಣಿಯ ಗಂಧಗಾಳಿಯೇ ಇಲ್ಲ. ಆ ಮನೆಯ ಮಗುವಿಗೆ ಈ ತಪ್ಪು ಮಾಡುವುದಕ್ಕೂ ಬರುವುದಿಲ್ಲ. ಮೈಯೆಲ್ಲ ಉರಿದುಹೋಯಿತು. ಸೀಸೆ ತೆರೆದೆ. ಗಬ್ಬು ನಾರಲಿ ಎಂದು ಮನಸಾರೆ ಬಯಸಿದೆ. ಹಾಳಾದ್ದು, ಚೆನ್ನಾಗಿತ್ತು.

ಕಾರ್ಡಿನ ಮೂಲೆಯಲ್ಲಿ ಕ್ಯೂಆರ್ ಕೋಡು. ಪಕ್ಕದಲ್ಲಿ 'ಅಮ್ಮನ ದನಿ ಕೇಳಿ' ಎಂದಿತ್ತು. ಫೋನು ಹಿಡಿದೆ. ಕೊಳಲಿನ ಸಂಗೀತ ಬಂತು, ಸುರಂಗಿ ಪೋಣಿಸುವ ಎರಡು ಕೈಗಳು ಬಂದವು. ಆ ಕೈಗಳು ಅವಳ ಅಮ್ಮನವು. ದನಿ ನನ್ನ ಅಮ್ಮನದು.

"ಮಾಸ್ತರು ಹೆದ್ರೇ ಹೋದ್ರಂತೆ ಗೋ! ಈ ಜನ ಹುಡ್ಗಿನ ಪೆಟ್ಟಿಗೆಲಿ ಇಟ್ಟು ಬೀಗ ಹಾಕ್ತಾರೋ ಏನೋ ಅಂತ!" ಅಮ್ಮ ನಗುತ್ತಿದ್ದಳು, ಕೊನೆಗೆ ಸಣ್ಣ ಕೆಮ್ಮು ಬರುವ ಅದೇ ನಗು. "ನಮ್ಮ ಬಾಯ ಅಂದ್ರೆ ಹಾಂಗೆ." ಬಾಯ ಎಂದು ಅಮ್ಮ ಕರೆಯುತ್ತಿದ್ದದ್ದು ನನ್ನನ್ನು. ಆ ಮಾತಿಗೆ ಸರಿಯಾಗಿ ಪರದೆಯ ಮೇಲೆ ಗೆಳತಿಯ ಮುಖ ಮೂಡಿ ಮುಗುಳ್ನಕ್ಕಿತು. ಕಚೇರಿಯ ಕುರ್ಚಿಯಲ್ಲೇ ನನಗೆ ಅಳು ಒತ್ತರಿಸಿ ಬಂತು. ಸಹೋದ್ಯೋಗಿ, "ಚಲೋ ಇದೆಯಲ್ಲ, ನಂಗೂ ಅಳುವೇ ಬಂದಿತ್ತು" ಎಂದರು.

ರಜೆ ಹಾಕಿ ಮಾರನೆಯ ದಿನವೇ ಅಂಕೋಲೆಯ ಬಸ್ಸು ಹತ್ತಿದೆ. ಅವಳ ಜಗಲಿಯ ತುಂಬಾ ರಟ್ಟಿನ ಡಬ್ಬಿಗಳು. ನನ್ನನ್ನು ನೋಡಿ ಏನೂ ಆಗದವಳಂತೆ "ಬಾ ಗೋ, ಚಾ ಮಾಡ್ತೆ" ಎಂದಳು.

"ನಿನ್ನ ಚಾ ಅತ್ಲಾಗೆ ಸುಡಲಿ" ಎಂದೆ. "ಫೋನು ನೀರಿಗೆ ಬಿದ್ದಿತ್ತಲ್ಲ?"

"ಬಿದ್ದಿದ್ದು ನಿಜ. ಅದಕ್ಕೂ ಮೊದ್ಲೇ ಕಂಪ್ಯೂಟರಿಗೆ ಹಾಕಿಟ್ಟಿದ್ದೆ."

"ಮತ್ತೆ ನನ್ನ ಹತ್ರ ಯಾಕೆ ಸುಳ್ಳು ಹೇಳಿದೆ?"

"ನಿಂಗೆ ಕೊಟ್ಟಿದ್ರೆ, ಇದನ್ನ ಯಾರಿಗೂ ಕೇಳ್ಸೂಕೆ ಬಿಡ್ತಿದ್ಯಾ?" ಅವಳು ಡಬ್ಬಿಗೆ ಟೇಪು ಅಂಟಿಸುವುದನ್ನು ನಿಲ್ಲಿಸಲಿಲ್ಲ. "ಕಥೆ ಇಲ್ದೆ ಸೆಂಟು ಯಾರು ತಗೊಳ್ತಾರೆ ಹೇಳು? ನನ್ನ ಅಮ್ಮಂಗೆ ಹಾಂಗೆ ಮಾತಾಡೂಕೆ ಬರೂದಿಲ್ಲ. ನಿನ್ನ ಅಮ್ಮಂಗೆ ನನ್ನ ಕಂಡ್ರೂ ಮಗಳ ಹಾಂಗೇ ಇತ್ತು ಅಲ್ದಾ?"

ಅದು ಸುಳ್ಳಲ್ಲ, ಅದೇ ನನಗೆ ಉರಿ. ಅಮ್ಮ ಅವಳಿಗಾಗಿ ಮೀನಿನ ದೊಡ್ಡ ಹೋಳು ಎತ್ತಿಡುತ್ತಿದ್ದಳು. ಕೆನ್ನೆಗೆ ಬಾರಿಸಬೇಕೆನಿಸಿತು, ಬಾರಿಸಲಿಲ್ಲ. ನನಗೆ ಬೇಕಾದದ್ದು ಅವಳ ಹತ್ತಿರ ಇತ್ತಲ್ಲ.

"ಪೂರ್ತಿ ರೆಕಾರ್ಡಿಂಗ್ ಕೊಡು. ಬೇರೇನೂ ಕೇಳೂದಿಲ್ಲ, ಜಗಳನೂ ಆಡೂದಿಲ್ಲ. ಆ ಮಧ್ಯಾಹ್ನದ್ದು ಇಡೀ ಕೊಡು."

ಅವಳು ಮೊದಲ ಸಲ ತಲೆ ತಗ್ಗಿಸಿದಳು. "ಇಡೀ ಇಲ್ಲ ಗೋ. ಬೇಕಾದಷ್ಟು ಕತ್ತರಿಸಿ ಇಟ್ಕೊಂಡು ಉಳಿದದ್ದು ಅಳಿಸ್ದೆ. ಕಂಪ್ಯೂಟರಿನಲ್ಲಿ ಜಾಗ ಇರ್ಲಿಲ್ಲ."

"ಅಳಿಸಿದ್ಯಾ?"

"ಅದ್ರಲ್ಲಿ ಸುರಂಗಿ ವಿಷಯ ಎಂಥದೂ ಇರ್ಲಿಲ್ಲ. ಬರೀ ನಿನ್ನ ಸುದ್ದಿ."

ನಾನು ಎದ್ದು ಬಂದೆ. ಹಿಂದಿನಿಂದ ಏನೋ ಕೂಗಿದಳು, ಕೇಳಿಸಿಕೊಳ್ಳಲಿಲ್ಲ. ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆ ವಿಡಿಯೋವನ್ನೇ ಮತ್ತೆ ಮತ್ತೆ ಹಾಕಿದೆ. ಕೊಳಲನ್ನು ತೆಗೆದು ಅಮ್ಮನನ್ನಷ್ಟೇ ಉಳಿಸಿಕೊಳ್ಳಲು ಆಗುವುದಿಲ್ಲ, ಎರಡೂ ಅಂಟಿಕೊಂಡಿವೆ. ಕೆಳಗೆ ಉದ್ದಕ್ಕೂ ಜನರ ಕಾಮೆಂಟುಗಳು. ಎಂಥ ಮುದ್ದು ಅಮ್ಮ ನಿಮ್ಮದು, ಪುಣ್ಯವಂತೆ ನೀವು, ಅಮ್ಮನಿಗೆ ನಮ್ಮ ನಮಸ್ಕಾರ ಹೇಳಿ. ಒಂದೊಂದಕ್ಕೂ ಅವಳೇ ಕುಳಿತು ಉತ್ತರ ಬರೆದಿದ್ದಳು, ಹೇಳ್ತೇನೆ, ಖಂಡಿತ ಹೇಳ್ತೇನೆ ಎಂದು.

ನಾನೂ ನನ್ನ ಹೆಸರಿನಲ್ಲೇ ಒಂದು ಕಾಮೆಂಟು ಬರೆದೆ. 'ಇದು ನನ್ನ ಅಮ್ಮ.' ಬೈಗುಳವನ್ನೂ ಹಾಕಲಿಲ್ಲ, ಒಂದು ಅಕ್ಷರ ಹೆಚ್ಚಿಗೆ ಬರೆಯಲೂ ಕೈ ಬರಲಿಲ್ಲ. ಓದಿದವರಲ್ಲಿ ಯಾರಾದರೂ ಒಬ್ಬರು ಇದೇನೆಂದು ಕೇಳಲಿ, ಇಲ್ಲವೇ ಅವಳಾದರೂ ನಾಚಿಕೊಳ್ಳಲಿ ಎಂದಿತ್ತು.

ಬಸ್ಸು ಕಾರವಾರ ಮುಟ್ಟುವ ಮೊದಲೇ ಅವಳ ಉತ್ತರ ಬಂತು. 'ಹೌದು, ಕೇಳಿದವರಿಗೆಲ್ಲ ಹಾಗೇ ಅನ್ನಿಸುತ್ತದೆ. ನಿಮ್ಮ ಪ್ರೀತಿಗೆ ಧನ್ಯವಾದಗಳು.' ಪಕ್ಕದಲ್ಲಿ ಒಂದು ಕೆಂಪು ಹೃದಯ ಇತ್ತು.