ಹಿಂದಿನೋರ್ಗೆ ಕೇಳಿಸ್ತಾ?

ನಾನು ಅಣ್ಣನ ಬ್ಯಾಂಡಿಗೆ ಡ್ರಮ್ಸ್ ಬಾರಿಸಲು ಸೇರಿದಾಗಲೇ ಅವರಿಗೆ ಐವತ್ತು ದಾಟಿತ್ತು. ಪೀಣ್ಯದ ಪ್ರೆಸ್ ಶಾಪಿನಲ್ಲಿ ತಗಡು ಒತ್ತುತ್ತಲೇ ಅಬ್ಬರದ ಪಂಕ್ ರಾಕ್ ಹಾಡು ಕಟ್ಟಿ, ಮೂವತ್ತು ವರ್ಷ ಊರೆಲ್ಲ ಹಾಡಿಕೊಂಡು ಬಂದವರು. ಗಿಟಾರಿನಲ್ಲಿ ಮೂರೇ ಕಾರ್ಡು, ಎರಡೇ ನಿಮಿಷದ ಹಾಡು. ಕತ್ತಿನ ನರ ಹಗ್ಗದ ಹಾಗೆ ಉಬ್ಬುತ್ತಿತ್ತು. ಪ್ರತಿ ಹಾಡು ಮುಗಿದಾಗಲೂ ಹುಬ್ಬಿಗೆ ಕೈ ಅಡ್ಡ ಹಿಡಿದು ಕೇಳುತ್ತಿದ್ದರು: “ಹಿಂದಿನೋರ್ಗೆ ಕೇಳಿಸ್ತಾ?” ಬ್ರೂಕ್‌ಫೀಲ್ಡಿನ ಪಬ್ಬಿನಲ್ಲಿ ಇಪ್ಪತ್ತೇ ಜನರಿದ್ದಾಗಲೂ ಅದೇ ಪ್ರಶ್ನೆ. ನಾನು ಅದನ್ನು ಬರೀ ಸ್ಟೈಲ್ ಅಂದುಕೊಂಡಿದ್ದೆ.

ಆಯುಧಪೂಜೆಯ ದಿನ ಮಾತ್ರ ತಮ್ಮ ಹಳೇ ಶೆಡ್ಡಿನಲ್ಲೇ ಹಾಡುತ್ತಿದ್ದರು. ಅವತ್ತೊಂದು ದಿನ ಯಂತ್ರಗಳು ಕುಂಕುಮ ಹಚ್ಚಿಸಿಕೊಂಡು ಸುಮ್ಮನಿರುತ್ತವೆ. ಅವರ ಜೊತೆ ದುಡಿದು ರಿಟೈರಾದವರೆಲ್ಲ ಬರುತ್ತಿದ್ದರು. ಪ್ರೆಸ್ಸಿನ ಸದ್ದಿಗೆ ಬಹುಪಾಲು ಜನರ ಕಿವಿ ಹೋಗಿತ್ತು. ಸ್ಪೀಕರ್ ಪೆಟ್ಟಿಗೆಗೆ ಅಂಗೈ ಒತ್ತಿ, ಅದರ ಕಂಪನದಲ್ಲೇ ಹಾಡು ಕೇಳುತ್ತಿದ್ದರು.

ನಾನು ಹೋದ ಮೊದಲ ವರ್ಷ, ಎರಡನೇ ಹಾಡಿಗೇ ಆಂಪ್ಲಿಫೈಯರ್ ಸುಟ್ಟುಹೋಯಿತು. ಕೈಗಳು ಪೆಟ್ಟಿಗೆಯ ಮೇಲೇ ಕಾಯುತ್ತಿದ್ದವು.

“ಪ್ಯಾಕಪ್ ಮಾಡೋಣ ಅಣ್ಣ,” ಅಂದೆ.

“ನೀನ್ ಬಾರ್ಸು ಕಣೋ,” ಅಂದವರೇ ಮೈಕ್ ಕೆಳಗಿಟ್ಟರು. ಹತ್ತಿರದ ಮುದುಕರೊಬ್ಬರ ಕೈಯನ್ನು ತಮ್ಮ ಎದೆಗೆ ಒತ್ತಿಕೊಂಡು, ಇಡೀ ಹಾಡು ಹಾಡಿದರು. ಆ ಕೈಯ ಎರಡು ಬೆರಳು ಪ್ರೆಸ್ಸಿಗೆ ಹೋಗಿದ್ದವು. ಮುಗಿದ ಮೇಲೆ ಪಕ್ಕದವರಿಗೆ ಮತ್ತೆ ಅದೇ ಹಾಡು. ಆಮೇಲೆ ಇನ್ನೊಬ್ಬರಿಗೆ. ಒಟ್ಟು ಹದಿನೇಳು ಸಲ.

ಗೋಡೆಗೊರಗಿ ನಿಂತಿದ್ದ ಕೊನೆಯವರ ಹೊತ್ತಿಗೆ ಅಣ್ಣನ ದನಿ ಪೂರ್ತಿ ಬಿದ್ದುಹೋಗಿತ್ತು. ನನಗೆ ಬರೀ ತುಟಿ ಆಡುವುದು ಕಾಣುತ್ತಿತ್ತು. ಆದರೂ ಆ ಪ್ರಶ್ನೆ ಕೇಳದೆ ಬಿಡಲಿಲ್ಲ. ಆ ಮುದುಕರು ಅಣ್ಣನ ತುಟಿಯನ್ನೇ ನೋಡಿದರು, ಎದೆಯ ಮೇಲಿನ ಕೈ ತೆಗೆಯಲಿಲ್ಲ.

“ಕೇಳಿಸ್ತು ಕಣಪ್ಪ. ಇನ್ನೊಂದ್ ಹಾಡು.”