ಸಾಜಿಯಾ ಅಳಿಸಗೊಡದ ತಪ್ಪು

ಬ್ಯಾಡಗಿ ಮಾರುಕಟ್ಟೆಯ ಹಿಂದಿನ ಶೆಡ್ಡಿನಲ್ಲಿ ಬೆಳಗಾಗುತ್ತಿದ್ದರೂ ಇನ್ನೂ ದೀಪ ಆರಿಸಿಲ್ಲ. ಮೆಣಸಿನಕಾಯಿ ರಾಶಿಯ ಸುತ್ತ ಹೆಂಗಸರು ಸೆರಗು, ದುಪಟ್ಟಾಗಳನ್ನು ಮೂಗಿಗೆ ಸುತ್ತಿಕೊಂಡು ಕೂತಿದ್ದಾರೆ. ತೊಟ್ಟು ಮುರಿಯುವ ಕೈಗಳು ನಿಲ್ಲುವುದಿಲ್ಲ. ಹೊಸದಾಗಿ ಕೆಲಸಕ್ಕೆ ಬಂದ ಬಸುರಿಯೊಬ್ಬಳು ಘಾಟಿಗೆ ಕೆಮ್ಮುತ್ತಾಳೆ. ಪಕ್ಕದ ಸಾಜಿಯಾ ನೀರಿನ ಬಾಟಲಿ ಮುಂದೆ ಮಾಡುತ್ತಾರೆ.

"ಎಷ್ಟು ತಿಂಗಳಾತು? ದವಾಖಾನಿ ಫೈಲ್ ತಂದೀ ಇಲ್ಲೋ?"

"ಮನ್ಯಾಗ ಐತ್ರಿ ಅಕ್ಕಾ."

"ನಾಳೆ ತೊಗೊಂಡ ಬಾ. ರಕ್ತಾ ತಪಾಸ್ ಮಾಡಿದ ಚೀಟೀನೂ ತೊಗೊಂಡ ಬಾ. ಎರಡೂ ಕೂಡೇ ನೋಡಬೇಕು."

ಶೆಡ್ಡಿಗೆ ಬರುವ ಪ್ರತಿ ಬಸುರಿಗೂ ಸಾಜಿಯಾ ಇದನ್ನೇ ಹೇಳುತ್ತಾರೆ. ಇದು ಅವರಿಗೆ ಯಾರೂ ವಹಿಸಿದ ಕೆಲಸವಲ್ಲ. ಅವರು ಆಶಾ ಕಾರ್ಯಕರ್ತೆಯಲ್ಲ, ಯಾವ ಸಂಘದ ಪದಾಧಿಕಾರಿಯೂ ಅಲ್ಲ. ಎಸ್ಸೆಸ್ಸೆಲ್ಸಿವರೆಗೆ ಓದಿದ, ಮೂವತ್ತು ದಾಟಿದ, ದಿನಗೂಲಿಯ ಹೆಂಗಸು. ಗಂಡ ಶಾನವಾಜ ಇದೇ ಮಾರುಕಟ್ಟೆಯಲ್ಲಿ ಚೀಲ ಸಾಗಿಸುವ ಗೂಡ್ಸ್ ಆಟೋ ಓಡಿಸುತ್ತಾರೆ. ಮಗನಿಗೆ ಎಂಟು ವರ್ಷ. ಅವನ ಬೆನ್ನಿಗೆ ಹುಟ್ಟಿದ ಹೆಣ್ಣುಮಗು ಈಗ ಇಲ್ಲ.

ಸಾಜಿಯಾ ಅವರ ತವರು ರಾಣೆಬೆನ್ನೂರು. ಚೊಚ್ಚಲ ಹೆರಿಗೆ ಅಲ್ಲಿನ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಾಯಿತು. ಫೈಲಿನ ಮೊದಲ ಪುಟದಲ್ಲಿ ಯಾರೋ ಅವರ ರಕ್ತದ ಗುಂಪು 'ಒ ಪಾಸಿಟಿವ್' ಎಂದು ಬರೆದರು. ನಿಜದಲ್ಲಿ ಅದು ಒ ನೆಗೆಟಿವ್. ತಾಯಿಯ ರಕ್ತ ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಆಗಿದ್ದರೆ, ಹೆರಿಗೆಯಾದ ಮೂರು ದಿನದೊಳಗೆ ತಾಯಿಗೆ ಒಂದು ಇಂಜೆಕ್ಷನ್ ಕೊಡಬೇಕು. ಇಲ್ಲದಿದ್ದರೆ ಮುಂದಿನ ಬಸಿರಿನಲ್ಲಿ ತಾಯಿಯ ಮೈಯೇ ಮಗುವಿನ ರಕ್ತದ ಮೇಲೆ ತಿರುಗಿಬೀಳಬಹುದು. ಮಗನದು ಪಾಸಿಟಿವ್ ಆಗಿದ್ದರೂ ಸಾಜಿಯಾಗೆ ಆ ಇಂಜೆಕ್ಷನ್ ಸಿಗಲಿಲ್ಲ. ಎರಡನೆಯ ಬಸಿರಿಗೆ ಅದೇ ನರ್ಸಿಂಗ್ ಹೋಮಿಗೆ ಹೋದಾಗ ಮತ್ತೆ ರಕ್ತ ಪರೀಕ್ಷೆಯನ್ನೂ ಮಾಡಲಿಲ್ಲ. ಹಳೆಯ ಪುಟ ನೋಡಿ ಹೊಸ ಪುಟಕ್ಕೆ ಬರೆದುಕೊಂಡರು.

ಹೆಣ್ಣುಮಗು ಹುಟ್ಟಿದ ಕೆಲವೇ ತಾಸಿನಲ್ಲಿ ಮೈಯೆಲ್ಲ ಹಳದಿಗೆ ತಿರುಗಿತು. ಹಾವೇರಿಯ ಮಕ್ಕಳ ಆಸ್ಪತ್ರೆಯೊಂದಕ್ಕೆ ಕಳಿಸಿದರು. ಅಲ್ಲಿ ತಾಯಿಯ ರಕ್ತ ಪರೀಕ್ಷಿಸಿದ ಡಾ. ಪುಷ್ಪಲತಾ ಗದರಿಸಿಯೇ ಕೇಳಿದರು, "ನಿಮ್ಮದು ನೆಗೆಟಿವ್ ಅಂತ ಮೊದಲ ಯಾಕ ಹೇಳ್ಲಿಲ್ಲ?"

"ನಂಗ ಗೊತ್ತಿದ್ರ ಹೇಳ್ತಿದ್ದೆ," ಎನ್ನುತ್ತಾರೆ ಸಾಜಿಯಾ. "ಫೈಲ್ ಕೊಟ್ಟೆ. ಅವರು ಪುಟಾ ತಿರುವಿದ್ರು. ಹಿಂದ ಲ್ಯಾಬಿನ ಚೀಟಿ ಪಿನ್ ಹೊಡದಿತ್ತು. ಅದರಾಗ ನೆಗೆಟಿವ್ ಅಂತನ ಇತ್ರಿ. ಡಾಕ್ಟರ್ ಬಾಯೇರು ಅದನ್ನ ಓದಿ, ಬೈದದ್ದಕ್ಕ ತಪ್ಪಾತವಾ ಅಂದ್ರು."

ಸರಿಯಾದ ಉತ್ತರ ಮೊದಲ ಪುಟದ ಹಿಂದೆಯೇ ಇತ್ತು. ಎರಡು ಬಸಿರು, ಎರಡು ಹೆರಿಗೆ ಮುಗಿಯುವವರೆಗೆ ಆ ನರ್ಸಿಂಗ್ ಹೋಮಿನಲ್ಲಿ ಒಬ್ಬರೂ ಆ ಹಾಳೆ ತಿರುವಲಿಲ್ಲ. ಡಾ. ಪುಷ್ಪಲತಾ ಇಡೀ ಫೈಲನ್ನು ಝೆರಾಕ್ಸ್ ಮಾಡಿಸಿ ಮಗುವಿನ ದಾಖಲೆಯೊಳಗೆ ಇಟ್ಟುಕೊಂಡರು. ಮರುದಿನ ಮಗು ತೀರಿಕೊಂಡಿತು.

ಬಾಣಂತನ ಮುಗಿಯುವ ಮೊದಲೇ ಸಾಜಿಯಾ ಅತ್ತೆ ಕುಲ್ಸುಮಬಿಯವರನ್ನು ಕರೆದುಕೊಂಡು ರಾಣೆಬೆನ್ನೂರಿಗೆ ಹೋದರು. ಅವರು ಕೇಳಿದ್ದು ಪರಿಹಾರವಲ್ಲ. ಫೈಲಿನಲ್ಲಿನ ತಪ್ಪು ತಿದ್ದಿ ಎಂದಷ್ಟೇ. ಮುಂದೊಂದು ದಿನ ತನಗೆ ರಕ್ತ ಬೇಕಾದರೆ ಇದೇ ಕಾಗದ ತನ್ನನ್ನೂ ಕೊಂದೀತು ಎಂಬ ಹೆದರಿಕೆ. ಅಲ್ಲಿನ ಮ್ಯಾನೇಜರ್ ರುದ್ರಮುನಿ ಮೆತ್ತಗೆ ಮಾತಾಡಿದರು. "ಇಟ್ಟ ಹೋಗವಾ, ಸರಿ ಮಾಡಿ ಇಟ್ಟಿರ್ತೇವಿ."

ವಾರದ ನಂತರ ಫೈಲ್ ಸಿಕ್ಕಿತು. 'ಪಾಸಿಟಿವ್' ಎಂಬಲ್ಲಿ ವೈಟ್ನರ್ ಬಳಿದು, ಮೇಲೆ 'ನೆಗೆಟಿವ್' ಎಂದು ಬರೆದಿದ್ದರು. ಚೊಚ್ಚಲ ಹೆರಿಗೆಯ ಪುಟದ ಕೆಳಗೆ ಮೊದಲಿರದ ಒಂದು ಸಾಲು ಇಂಗ್ಲಿಷಿನಲ್ಲಿ ಸೇರಿತ್ತು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಸಾಜಿಯಾ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಇಂಜೆಕ್ಷನ್ ಬೇಕೆಂದು ತಿಳಿಸಲಾಗಿತ್ತು, ಮನೆಯವರು ನಿರಾಕರಿಸಿದರು ಎಂದು ಅದರ ಅರ್ಥ.

"ಅತ್ತಿ ಏನೈತಿ ಅಂತ ಕೇಳಿದ್ರು. ನಾವ ಬ್ಯಾಡಂದ್ವಿ ಅಂತ ಬರದಾರ ಅಂದೆ. ಅದಕ್ಕ ಅತ್ತಿ, ಆವತ್ತ ಹಾಸಿಗಿ ಬಾಜೂಕ ನಾನ ಇದ್ದೆ, ಯಾರ ಕೇಳಿದ್ರು ನನ್ನ, ಅಂದ್ರು. ಬ್ಯಾಡಗಿ ಬಸ್ ಬಂದು ನಿಂತಿತ್ತು. ನಾವು ಹತ್ತಲಿಲ್ಲ. ಹೊಳ್ಳಿ ಅಲ್ಲಿಗೇ ಹ್ವಾದ್ವಿ."

ಈ ಸಲ ರುದ್ರಮುನಿಯವರ ದನಿ ಬದಲಾಗಿತ್ತು. "ಸರಿ ಮಾಡ್ರಿ ಅಂದ್ರಿ, ಮಾಡೇವಿ. ಇನ್ನೇನ ಬೇಕು? ಹೋದ ಕೂಸು ಹೊಳ್ಳಿ ಬರ್ತೈತೇನು?"

ಮಗು ಕಳೆದುಕೊಂಡ ತಾಯಿಗೆ ಹೇಳಿದ ಮಾತಿದು. ತಮ್ಮ ತಪ್ಪನ್ನು ಬಿಳಿ ಬಣ್ಣದಡಿ ಮುಚ್ಚಿ, ಮಗುವಿನ ಸಾವನ್ನು ಅದರ ಅಜ್ಜಿಯ ತಲೆಗೆ ಕಟ್ಟಿದವರು ಹೇಳಿದ ಮಾತು.

ಅಲ್ಲಿಯವರೆಗೆ ಬಿಟ್ಟುಬಿಡೋಣ ಎನ್ನುತ್ತಿದ್ದ ಶಾನವಾಜ, ಆ ಸಾಲಿನ ಅರ್ಥ ತಿಳಿದ ಮೇಲೆ ತಾವೇ ಆಟೋದಲ್ಲಿ ಹೆಂಡತಿಯನ್ನು ಹಾವೇರಿಗೆ ಕರೆದೊಯ್ದರು. ಡಾ. ಪುಷ್ಪಲತಾ ತಮ್ಮಲ್ಲಿದ್ದ ಝೆರಾಕ್ಸಿಗೆ ಸಹಿ, ಮೊಹರು ಹಾಕಿ ಕೊಟ್ಟರು. ದಾಖಲೆ ತಿದ್ದುವ ರೀತಿಯನ್ನೂ ವಿವರಿಸಿದರು. ತಪ್ಪು ಅಕ್ಷರ ಕಾಣುವಂತೆಯೇ ಒಂದು ಗೆರೆ ಎಳೆಯಬೇಕು, ಪಕ್ಕದಲ್ಲಿ ಸರಿಯಾದದ್ದು ಬರೆಯಬೇಕು, ತಿದ್ದಿದ ದಿನದ ತಾರೀಖು ಹಾಕಿ ಸಹಿ ಮಾಡಬೇಕು.

ಸಾಜಿಯಾ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ದೂರು ಕೊಟ್ಟರು. ವಿಚಾರಣೆ ಒಂದು ವರ್ಷ ಎಳೆಯಿತು. ಕರೆದಾಗಲೆಲ್ಲ ಕೂಲಿ ಬಿಟ್ಟು ಹೋದರು. ನೆಂಟರು ಬೈದರು. ಇನ್ನೊಂದು ಮಗು ಮಾಡಿಕೊಂಡರೆ ಎಲ್ಲ ಮರೆಯುತ್ತದೆ ಎಂದವರೂ ಇದ್ದರು. "ಅವರಿಗೆ ಏನಂತ ಹೇಳ್ಲಿ? ಇನ್ನ ಆ ಇಂಜೆಕ್ಷನ್ ನಂಗ ಕೆಲಸಾ ಮಾಡಂಗಿಲ್ಲಂತ್ರಿ. ಮತ್ತೊಂದು ಕೂಸು ಅಂದ್ರ ಒಂಬತ್ತೂ ತಿಂಗಳು ಜೀವಾ ಕೈಯಾಗ ಹಿಡಕೊಂಡಿರಬೇಕು. ನಾವು ಬ್ಯಾಡಂತ ಮಾಡೇವಿ."

ಕೊನೆಗೆ ಮೊಹರಿನ ಝೆರಾಕ್ಸನ್ನೂ ವೈಟ್ನರ್ ಬಳಿದ ಫೈಲನ್ನೂ ಅಧಿಕಾರಿಗಳ ಮುಂದೆ ಪಕ್ಕಪಕ್ಕ ಇಟ್ಟ ಮೇಲೆ ನರ್ಸಿಂಗ್ ಹೋಮಿನವರು ಫೈಲ್ ತಿದ್ದಲೇಬೇಕಾಯಿತು. ಸೇರಿಸಿದ ಸಾಲಿಗೆ ಗೆರೆ ಬಿತ್ತು. ರಕ್ತದ ಗುಂಪನ್ನು ತಪ್ಪಾಗಿ ಬರೆಯಲಾಗಿತ್ತು ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿದರು. ಬರೆದವರು ಯಾರು ಎಂಬ ಪ್ರಶ್ನೆಗೆ ಮಾತ್ರ, ಆಗಿದ್ದ ಸಿಸ್ಟರ್ ಕೆಲಸ ಬಿಟ್ಟಿದ್ದಾರೆ ಎಂಬ ಉತ್ತರ. ಒಂದು ಎಚ್ಚರಿಕೆಯ ಪತ್ರಕ್ಕೆ ಎಲ್ಲವೂ ಮುಗಿಯಿತು. ನರ್ಸಿಂಗ್ ಹೋಮಿನ ಬಾಗಿಲು ಒಂದು ದಿನವೂ ಮುಚ್ಚಲಿಲ್ಲ.

ಆಮೇಲೆ ಸಾಜಿಯಾ ಶೆಡ್ಡಿನ ಹೆಂಗಸರ ಫೈಲುಗಳನ್ನು ನೋಡತೊಡಗಿದರು. ಹೆಸರು, ವಯಸ್ಸು, ರಕ್ತದ ಗುಂಪು ಇವಿಷ್ಟನ್ನೂ ಚೀಟಿಯೊಂದಿಗೆ ತಾಳೆ ನೋಡುತ್ತಾರೆ. ಹೆಚ್ಚಿನವು ಸರಿಯಾಗಿಯೇ ಇರುತ್ತವೆ. ಜೊತೆಗೆ ಕೆಲಸ ಮಾಡುವ ಸುರೇಖಾ ಅವರ ಫೈಲಿನಲ್ಲಿ ಮಾತ್ರ ಅದೇ ಹೆಸರಿನ ನಲವತ್ತರ ಹೆಂಗಸೊಬ್ಬರ ಚೀಟಿ ಸೇರಿತ್ತು. ಸುರೇಖಾಗೆ ಆಗ ಇಪ್ಪತ್ತಮೂರು.

"ಸಾಜಿಯಕ್ಕ ನಂಗೂ ಬೈದ್ರು, ದವಾಖಾನಿಯವರಿಗೂ ಬೈದ್ರು," ಎಂದು ಸುರೇಖಾ ನಗುತ್ತಾರೆ. "ಮತ್ತೊಮ್ಮೆ ರಕ್ತಾ ತಗಸಿದ್ರು. ನಂದೂ ನೆಗೆಟಿವ್ ಬಂತು. ಹೆರಿಗಿ ಆದ ದಿನಾನ ಇಂಜೆಕ್ಷನ್ ಕೊಟ್ಟಾರ." ಅವರಿಗೀಗ ಎರಡನೆಯ ಬಸಿರು, ಆರು ತಿಂಗಳು.

ಬಿಸಿಲು ಶೆಡ್ಡಿನೊಳಗೆ ಬಂದಿದೆ. ಇಷ್ಟೆಲ್ಲ ಮಾಡಿದ ಮೇಲೆ ಸಮಾಧಾನವಾಯಿತೇ ಎಂದು ಕೇಳುತ್ತೇನೆ. ಕೇಳಬಾರದಿತ್ತು ಎಂದು ಕೂಡಲೇ ತಿಳಿಯುತ್ತದೆ. ಸಾಜಿಯಾ ಕೈ ನಿಲ್ಲಿಸಿ ನನ್ನತ್ತ ನೋಡುತ್ತಾರೆ.

"ಹಾಳ್ಯಾಗ ಬರದಾರ್ರಿ, ತಪ್ಪಾಗೈತಿ ಅಂತ. ಬಾಯಿಲೆ ಒಬ್ಬರೂ ಅಂದಿಲ್ಲ. ನಮ್ಮ ಅತ್ತಿ ದಿನಾ ಕೇಳ್ತಾರ, ಅವರು ಯಾರರ ಬಂದಿದ್ರೇನು ಅಂತ. ಒಬ್ಬರು ಬರ್ಲಿ. ಅತ್ತಿ ಮುಂದ ಕುಂತು, ನೀವು ಬ್ಯಾಡ ಅಂದಿದ್ದಿಲ್ಲ ಅಂತ ಹೇಳ್ಲಿ. ನನಗ ಹೇಳೂದು ಬ್ಯಾಡ."